ನಡಿಗೆ ನಿಂತ ಮಳೆಗಾಲದಲ್ಲಿ ಸಕ್ಕರೆ ಕಾಯಿಲೆ: ಜಗಲಿಯಲ್ಲೇ ವ್ಯಾಯಾಮ



ಕಳೆದ ಮಳೆಗಾಲದಲ್ಲಿ ಆಗುಂಬೆ ಕಡೆಯ ಒಂದು ಮನೆಗೆ ಕೆಚ್ಚಲು ಬಾವು ನೋಡಲು ಹೋಗಿದ್ದೆ. ಹಸುವಿನ ಚಿಕಿತ್ಸೆ ಮುಗಿದ ಮೇಲೆ ಯಜಮಾನರು ತಮ್ಮ ಪಾದ ತೋರಿಸಿದರು. ಉಂಬಳ ಕಚ್ಚಿದ ಜಾಗ ಮೂರು ವಾರವಾದರೂ ಒಣಗಿರಲಿಲ್ಲ. ಹತ್ತು ವರ್ಷದ ಸಕ್ಕರೆ ಕಾಯಿಲೆ. "ನೋವೇನೂ ಇಲ್ಲ ಡಾಕ್ಟ್ರೇ" ಎಂದರು. ನೋವಿಲ್ಲದ್ದೇ ನನಗೆ ಭಯವಾಯಿತು. ಅಂದೇ ಆಸ್ಪತ್ರೆಗೆ ಕಳಿಸಿದೆ, ಬೆರಳು ಉಳಿಯಿತು.

ಹೊರಡುವಾಗ ಅವರು ಕೇಳಿದ್ದು: "ದಿನಾ ನಡೀರಿ ಅಂತಾರೆ. ಈ ಮಳೇಲಿ ಎಲ್ಲಿಗೆ ನಡೆಯೋದು?" ನಾನು ದನದ ಡಾಕ್ಟರು, ನಿಮ್ಮ ಮಾತ್ರೆಯ ವಿಚಾರ ಹೇಳುವವನಲ್ಲ. ಆದರೆ ಈ ಪ್ರಶ್ನೆಗೆ ಉತ್ತರವಿದೆ.

ರಕ್ತ ಹರಿದರೆ ಅಂಗ ಉಳಿಯುತ್ತದೆ

ಒಂದು ಲೀಟರ್ ಹಾಲಿಗೆ ಕೆಚ್ಚಲಿನ ಮೂಲಕ ಸುಮಾರು 400ರಿಂದ 500 ಲೀಟರ್ ರಕ್ತ ಹರಿಯಬೇಕು. ನಮ್ಮ ಕಣ್ಣು, ಮೂತ್ರಪಿಂಡ, ಹೃದಯ, ಪಾದಗಳೂ ಹಾಗೆಯೇ ರಕ್ತದ ಹರಿವನ್ನೇ ನಂಬಿವೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲವಾಗಿಡುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿ ವರ್ಷಗಟ್ಟಲೆ ಹಾಗೇ ಉಳಿದರೆ ಈ ಪದರ ಹಾಳಾಗಿ, ನಾಳ ಬಿಗಿಯಾಗುತ್ತದೆ. ಗಾಯ ಒಣಗದಿರಲು ಇದೂ ಒಂದು ಕಾರಣ.

ಸ್ನಾಯು ಭಾರ ಎಳೆದಾಗ ಎರಡು ಲಾಭ. ಇನ್ಸುಲಿನ್ ಕೊರತೆಯಿದ್ದರೂ ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಜೊತೆಗೆ ರಕ್ತದ ಹರಿವು ಹೆಚ್ಚಿ, ನಾಳದ ಒಳಪದರ ಚುರುಕಾಗುತ್ತದೆ.

ಕೊಟ್ಟಿಗೆ ಕೆಲಸ ಸಾಲದೇ?

ಅದೂ ಒಳ್ಳೆಯದೇ. ಆದರೆ ದಿನವೂ ಒಂದೇ ಕೆಲಸಕ್ಕೆ ಮೈ ಒಗ್ಗಿಹೋಗಿರುತ್ತದೆ. ಕರು ಹಾಕಿದ ಹಸುವಿಗೆ ಹಿಂಡಿ ಏರಿಸುವ ಹಾಗೆ, ಸ್ನಾಯುವಿಗೂ ಕೆಲಸವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ವಾರಕ್ಕೆ 2ರಿಂದ 3 ದಿನ, ನಡುವೆ ಒಂದು ದಿನ ಬಿಡುವು ಕೊಟ್ಟು, ಒಂದೊಂದನ್ನೂ 8ರಿಂದ 12 ಸಲ ಮಾಡಿ:

1. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು.
2. ಗೋಡೆಗೆ ಅಂಗೈ ಊರಿ, ಮೊಣಕೈ ಮಡಿಸಿ ಮೈಯನ್ನು ಹಿಂದಕ್ಕೆ ತಳ್ಳುವುದು.
3. ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು.
4. ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು ಮೊಣಕೈ ಮಡಿಸಿ ಎತ್ತುವುದು.

ಸುಲಭವೆನಿಸಿದ ಮೇಲೆ ಭಾರ ಏರಿಸಿ. ಮಳೆ ಬಿಟ್ಟಾಗ ನಡಿಗೆಯನ್ನೂ ಬಿಡಬೇಡಿ, ಎರಡೂ ಬೇಕು.

ಎಚ್ಚರಿಕೆ

• ಉಸಿರು ಕಟ್ಟಿ ಭಾರ ಎತ್ತಬೇಡಿ. ರಕ್ತದೊತ್ತಡ ಏಕಾಏಕಿ ಏರುತ್ತದೆ. ಗಟ್ಟಿಯಾಗಿ ಎಣಿಸುತ್ತಾ ಮಾಡಿ.
• ಕಣ್ಣಿನ ಪರದೆಯ ತೊಂದರೆ, ಎದೆನೋವು, ಪಾದದ ಹುಣ್ಣು ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಿ.
• ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದು. ನಡುಕ, ಬೆವರು ಬಂದರೆ ನಿಲ್ಲಿಸಿ, ಬೆಲ್ಲ ಅಥವಾ ಸಕ್ಕರೆ ತಿನ್ನಿ.

30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆ ಉಚಿತ. ಡೈರಿಗೆ ಹಾಲು ಹಾಕಿ ಬರುವಾಗ ಒಮ್ಮೆ ಮಾಡಿಸಿಕೊಳ್ಳಿ.

ಕೊಟ್ಟಿಗೆಗೆ ಬರಿಗಾಲಲ್ಲಿ ಇಳಿಯಬೇಡಿ, ಗಂಬೂಟು ಹಾಕಿಕೊಳ್ಳಿ. ಹಸು ಕುಂಟಿದರೆ ಆ ಗಳಿಗೆಯೇ ಗೊರಸು ಎತ್ತಿ ನೋಡುತ್ತೀರಿ. ರಾತ್ರಿ ಮಲಗುವ ಮುನ್ನ ನಿಮ್ಮ ಪಾದವನ್ನೂ ಹಾಗೆ ಎತ್ತಿ ನೋಡಿ, ಕುಂಟುವವರೆಗೆ ಕಾಯಬೇಡಿ.