ಟಾರ್ಚಿನೊಳಗೆ ಒಂದು ಸುತ್ತು

ಎರಡು ಸೆಲ್ಲಿನ ಹಳೇ ಟಾರ್ಚು. ತಳದ ಮುಚ್ಚಳದಲ್ಲೊಂದು ಸ್ಪ್ರಿಂಗು, ಅದರ ಮೇಲೆ ಒಂದರ ತಲೆಗೆ ಇನ್ನೊಂದರ ಬುಡ ತಾಗುವಂತೆ ಕೂತ ಸೆಲ್ಲುಗಳು, ತುದಿಯಲ್ಲಿ ಪುಟ್ಟ ಬಲ್ಬು. ಒಂದೊಂದು ಸೆಲ್ಲಿಗೆ 1.5 ವೋಲ್ಟ್, ಎರಡೂ ಸೇರಿ 3. ಸ್ವಿಚ್ ತಳ್ಳಿದರೆ ಲೋಹದ ಪಟ್ಟಿ ತಾಗುತ್ತದೆ, ಬಲ್ಬಿನಿಂದ ಸ್ಪ್ರಿಂಗಿಗೆ ಮರಳುವ ದಾರಿ ಕೂಡಿಕೊಳ್ಳುತ್ತದೆ. ಇದೇ ಸರ್ಕ್ಯೂಟ್. ಸ್ಪ್ರಿಂಗಿಗೆ ದಪ್ಪ ತುಕ್ಕು ಹಿಡಿದಿತ್ತೋ, ಹೊಸ ಸೆಲ್ಲು ಹಾಕಿದರೂ ಬೆಳಕಿಲ್ಲ.

ಆ ದಾರಿಯಲ್ಲಿ ಸಾಗುವುದು ಎಲೆಕ್ಟ್ರಾನುಗಳು. ಅದೂ ಎಷ್ಟು ನಿಧಾನ! ಸಾಮಾನ್ಯ ತಾಮ್ರದ ತಂತಿಯಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರೂ ಮುಂದೆ ಹೋಗುವುದಿಲ್ಲ. ಆದರೂ ಬಲ್ಬು ತಟ್ಟನೆ ಹೊತ್ತುತ್ತದೆ. ಕಾರಣ, ತಂತಿಯ ಉದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ತುಂಬಿಕೊಂಡಿವೆ. ಸ್ವಿಚ್ ಒತ್ತಿದರೆ ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೇ ಕದಲುತ್ತವೆ.

ಎಷ್ಟು ಕರೆಂಟು ಹರಿಯುತ್ತದೆ? ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಆಂಪಿಯರ್ ಲೆಕ್ಕ ಸಿಗುತ್ತದೆ. 1827ರಲ್ಲಿ ಇದನ್ನು ಪ್ರಕಟಿಸಿದವರು ಜರ್ಮನಿಯ ಗಿಯೋರ್ಗ್ ಓಮ್.

ಹಬ್ಬಕ್ಕೆ ಕಟ್ಟುವ ಹಳೇ ಸೀರಿಯಲ್ ಸೆಟ್ಟಿನಲ್ಲಿ ಬಲ್ಬುಗಳೆಲ್ಲ ಒಂದೇ ದಾರಿಯಲ್ಲಿವೆ. ಒಂದರ ತಂತು ತುಂಡಾದರೆ ಇಡೀ ಸಾಲು ಕತ್ತಲು. ಮನೆಯ ವೈರಿಂಗ್ ಹಾಗಲ್ಲ, ಸಮಾಂತರ: ಹಾಲಿನ ದೀಪ ಆರಿದರೂ ಅಡುಗೆಮನೆಯ ಮಿಕ್ಸಿ ತಿರುಗುತ್ತದೆ.

ಆದರೆ ಸಮಾಂತರದಲ್ಲಿ ಕರೆಂಟು ಕೂಡುತ್ತಾ ಹೋಗುತ್ತದೆ. 230 ವೋಲ್ಟಿನಲ್ಲಿ 2,000 ವ್ಯಾಟಿನ ಗೀಸರ್ ಒಂದೇ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಸಿಕ್ಕಿಸುವುದು ನಿಜಕ್ಕೂ ಅಪಾಯ. ತೆಳು ವೈರು ಕಾದು ಹೊದಿಕೆಯೇ ಕರಗಬಹುದು. ಗೀಸರಿಗೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು.