ಅಂಗಳದ ತರಗೆಲೆಗೆ ಅಗ್ಗದ ಬ್ಲೋವರ್ ಸಾಕೇ?

ಕರೆಂಟಿನ ಕೈ ಬ್ಲೋವರ್ ರಚನೆಯಲ್ಲಿ ತೀರ ಸರಳವಾದ ಯಂತ್ರ. ಒಂದು ಮೋಟಾರು, ಅದರ ತುದಿಗೆ ರೆಕ್ಕೆಚಕ್ರ, ಸುತ್ತ ಶಂಖದಂತೆ ಸುರುಳಿಯಾದ ಪ್ಲಾಸ್ಟಿಕ್ ಕವಚ, ಮುಂದೊಂದು ಮೂತಿ. ಚಕ್ರ ತಿರುಗಿದಾಗ ಪಕ್ಕದ ಕಿಂಡಿಗಳಿಂದ ಒಳಬಂದ ಗಾಳಿ ಕವಚದ ಗೋಡೆಗುಂಟ ಸುತ್ತಿ ಕಿರಿದಾದ ಮೂತಿಯಿಂದ ರಭಸವಾಗಿ ಹೊರಬೀಳುತ್ತದೆ. ಕಮ್ಮಾರನ ತಿದಿ ಒತ್ತಿ ಒತ್ತಿ ಮಾಡುತ್ತಿದ್ದ ಕೆಲಸವನ್ನು ಇದು ಎಡೆಬಿಡದೆ ಮಾಡುತ್ತದೆ. 500ರಿಂದ 700 ವ್ಯಾಟ್‌ನ ಇಂಥ ಬ್ಲೋವರ್ ಈಗ ಹಾರ್ಡ್‌ವೇರ್ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಾವಿರ, ಒಂದೂವರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಹೆಸರಾಂತ ಕಂಪನಿಯದಾದರೆ ಬೆಲೆ ಎರಡು ಮೂರು ಪಟ್ಟು. ಡಬ್ಬಿಯ ಮೇಲೆ ಎಲೆ ಹಾರುವ ಚಿತ್ರ ಕಂಡು, ಮನೆ ಮುಂದಿನ ಹೊಂಗೆಮರದ ಕಸಕ್ಕೆ ಇದೇ ಪರಿಹಾರವೆಂದು ಕೊಳ್ಳುವವರು ಬಹಳ. ಆ ದುಡ್ಡು ಸಾರ್ಥಕವೇ ಎಂಬುದಕ್ಕೆ ಉತ್ತರ ಯಂತ್ರದಲ್ಲಿ ಎಷ್ಟಿದೆಯೋ, ಎಲೆಯಲ್ಲೂ ನೆಲದಲ್ಲೂ ಅಷ್ಟೇ ಇದೆ.

ಮೊದಲ ತೊಡಕು ಹೆಸರಿನದು. ಬ್ಲೋವರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತವೆ. ಒಂದು, ವರ್ಕ್‌ಶಾಪಿನಲ್ಲಿ, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಬಡಗಿಯ ಕೈಯಲ್ಲಿ ಕಾಣುವ ದೂಳು ಊದುವ ಯಂತ್ರ. ಇನ್ನೊಂದು, ಅಂಗಳದ ಎಲೆಯನ್ನು ಸರಿಸಲೆಂದೇ ಮಾಡಿದ, ಪಾದದ ಹತ್ತಿರದವರೆಗೂ ಇಳಿಯುವ ಉದ್ದ ಕೊಳವೆಯ ಯಂತ್ರ. ನಮ್ಮಲ್ಲಿ ಅಗ್ಗಕ್ಕೆ ಸಿಗುವುದು ಬಹುಪಾಲು ಮೊದಲನೆಯದು. ಅಮೆರಿಕ, ಯುರೋಪಿನಲ್ಲಿ ಅಗ್ಗದ ವೈರ್ ಬ್ಲೋವರ್ ಎಂದರೆ ಎರಡನೆಯದು. ಅಲ್ಲಿನವರ ಮೆಚ್ಚುಗೆಯನ್ನು ಓದಿ ಇಲ್ಲಿನ ಯಂತ್ರ ತಂದರೆ ನಿರಾಸೆ ಖಂಡಿತ.

ಎರಡರ ವ್ಯತ್ಯಾಸ ಡಬ್ಬಿಯ ಮೇಲಿನ ವೇಗದಲ್ಲಿ ಕಾಣುವುದಿಲ್ಲ. ಸಣ್ಣ ಬ್ಲೋವರ್ ನಿಮಿಷಕ್ಕೆ ಸುಮಾರು 2.5 ಘನಮೀಟರ್ ಗಾಳಿಯನ್ನು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 216 ಕಿಲೋಮೀಟರ್ ವೇಗದಲ್ಲಿ ಊದುತ್ತದೆ ಎಂದಿಟ್ಟುಕೊಳ್ಳೋಣ. ಎಲೆಗೆಂದೇ ಮಾಡಿದ ದೊಡ್ಡ ಯಂತ್ರ ನಿಮಿಷಕ್ಕೆ 10 ಘನಮೀಟರ್ ಗಾಳಿಯನ್ನು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಊದಬಹುದು. ವೇಗದಲ್ಲಿ ಅಂತರ ಅಲ್ಪ. ಆದರೆ ಎಲೆಯನ್ನು ತಳ್ಳುವ ಬಲ ಸೆಕೆಂಡಿಗೆ ಹೊರಬೀಳುವ ಗಾಳಿಯ ತೂಕ ಮತ್ತು ವೇಗದ ಗುಣಲಬ್ಧ. ಹಾಗೆ ಲೆಕ್ಕ ಹಾಕಿದರೆ ಸಣ್ಣದರ ಬಲ ಸುಮಾರು 3 ನ್ಯೂಟನ್, ದೊಡ್ಡದರದು 14. ಅಂಗೈಯಲ್ಲಿ ಮುನ್ನೂರು ಗ್ರಾಂ ತೂಕ ಹಿಡಿಯುವುದಕ್ಕೂ ಒಂದು ಕಿಲೋ ನಾನೂರು ಗ್ರಾಂ ಹಿಡಿಯುವುದಕ್ಕೂ ಇರುವ ಅಂತರ ಅದು. ವ್ಯಾಟ್, ಆರ್‌ಪಿಎಂ, ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ಮೂರು ಅಂಕಿಗಳನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡುವ ತಯಾರಕರು ಘನಮೀಟರಿನ ಅಂಕಿಯನ್ನು ಮೂಲೆಗೆ ತಳ್ಳುತ್ತಾರೆ. ಕೊಳ್ಳುವವರು ಮೊದಲು ಹುಡುಕಬೇಕಾದದ್ದು ಅದನ್ನೇ. ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಎಂದು ಕೊಟ್ಟಿದ್ದರೆ 35ರಿಂದ ಭಾಗಿಸಿದರೆ ಘನಮೀಟರ್ ಸಿಗುತ್ತದೆ.

ಗಾಳಿ ಮೂತಿಯಿಂದ ಹೊರಬಿದ್ದ ಮೇಲೂ ಒಂದು ನಷ್ಟ ಕಾದಿರುತ್ತದೆ. ಮೂತಿಯ ವ್ಯಾಸದ ಸುಮಾರು ಆರು ಪಟ್ಟು ದೂರದವರೆಗೆ ಮಾತ್ರ ಗಾಳಿಯ ನಡುಭಾಗ ತನ್ನ ವೇಗ ಉಳಿಸಿಕೊಳ್ಳುತ್ತದೆ. ಅಲ್ಲಿಂದಾಚೆ ಸುತ್ತಲಿನ ನಿಂತ ಗಾಳಿಯನ್ನೂ ಎಳೆದುಕೊಂಡು ಅಗಲವಾಗುತ್ತ, ನಿಧಾನವಾಗುತ್ತ ಹೋಗುತ್ತದೆ. ಮೂರು ಸೆಂಟಿಮೀಟರ್ ಮೂತಿಯ ಸಣ್ಣ ಬ್ಲೋವರಿನ ಗಾಳಿ ಒಂದು ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಸೆಕೆಂಡಿಗೆ 11 ಮೀಟರಿಗೆ ಇಳಿದಿರುತ್ತದೆ. ಇದರ ಪರಿಣಾಮ ಸೊಂಟಕ್ಕೆ ಗೊತ್ತಾಗುತ್ತದೆ. ನೆಟ್ಟಗೆ ನಿಂತು ಹಿಡಿದರೆ ಮೂತಿಗೂ ನೆಲಕ್ಕೂ ಮುಕ್ಕಾಲು ಮೀಟರ್ ಅಂತರ. ಮೇಲೆ ಬಿದ್ದಿರುವ ಎಲೆ ಹೊರಳುತ್ತದೆ, ನೆಲಕ್ಕೆ ಅಂಟಿದ್ದು ಅಲ್ಲೇ ಉಳಿಯುತ್ತದೆ. ಹತ್ತಿರ ಹಿಡಿಯೋಣವೆಂದರೆ ಪೊರಕೆ ಹಿಡಿದಷ್ಟೇ ಬಾಗಬೇಕು, ಅದೂ ಒಂದೂವರೆ ಕಿಲೋದಷ್ಟು ತೂಗುವ, ಕೈ ನಡುಗಿಸುವ ಯಂತ್ರ ಹಿಡಿದು. ಮೂತಿಗೆ ಮುಕ್ಕಾಲು ಮೀಟರಿನ ಹಗುರ ಪಿವಿಸಿ ಪೈಪನ್ನು ಬಿಗಿಯಾಗಿ ಕೂರಿಸಿದರೆ ಸ್ವಲ್ಪ ವೇಗ ಕಳೆದರೂ ಬೆನ್ನು ಉಳಿಯುತ್ತದೆ. ಸಾವಿರ ರೂಪಾಯಿಯ ಯಂತ್ರಕ್ಕೆ ಮಾಡಬಹುದಾದ ಅತ್ಯಂತ ಉಪಯುಕ್ತ ಸುಧಾರಣೆ ಇದು.

ಇನ್ನು ಎಲೆಯ ವಿಚಾರ. ಕರ್ನಾಟಕದ ಬಯಲುಸೀಮೆಯಲ್ಲಿ ಎಲೆ ಉದುರುವ ಕಾಲ ಮುಖ್ಯವಾಗಿ ಜನವರಿಯಿಂದ ಮಾರ್ಚ್, ಅಂದರೆ ಒಣಹವೆ. ಬ್ಲೋವರಿಗೆ ಇದು ಅನುಕೂಲ. ಒಣಗಿ ಗರಿಗರಿಯಾದ ಹೊಂಗೆ, ಸಂಪಿಗೆ, ಬೇವಿನ ಎಲೆಗಳು ಸಣ್ಣ ಯಂತ್ರಕ್ಕೂ ಮಣಿಯುತ್ತವೆ. ಮಳೆಮರ ಮತ್ತು ಗುಲ್‌ಮೊಹರಿನ ಪುಡಿ ಎಲೆಗಳಲ್ಲಂತೂ ಬ್ಲೋವರ್ ಪೊರಕೆಯನ್ನು ಮೀರಿಸುತ್ತದೆ. ಇಂಟರ್‌ಲಾಕ್ ಇಟ್ಟಿಗೆಗಳ ಸಂದಿಯಲ್ಲಿ, ಜಲ್ಲಿಕಲ್ಲಿನ ನಡುವೆ, ಹೂಕುಂಡಗಳ ಹಿಂದೆ ಸೇರಿಕೊಂಡ ಆ ಪುಡಿಯನ್ನು ಕಡ್ಡಿಪೊರಕೆ ಇನ್ನಷ್ಟು ಒಳಕ್ಕೆ ನೂಕುತ್ತದೆ. ಗಾಳಿ ಅದನ್ನು ಮೇಲೆತ್ತಿ ಹೊರಹಾಕುತ್ತದೆ. ಹಲಸಿನ ದಪ್ಪ ಎಲೆ, ತೇಗದ ಅಗಲ ಎಲೆ, ಮಾವಿನ ಎಲೆಯ ಒತ್ತಾದ ರಾಶಿ ಇವುಗಳ ಮುಂದೆ ಸಣ್ಣ ಬ್ಲೋವರ್ ಸೋಲುತ್ತದೆ. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೆಲಕ್ಕೆ ಮೆತ್ತಿಕೊಂಡ ಒದ್ದೆ ಎಲೆಯ ಮುಂದೆ ದೊಡ್ಡ ಯಂತ್ರವೂ ತಿಣುಕುತ್ತದೆ. ಮಣ್ಣಿನ ಅಂಗಳಕ್ಕೆ ಎರಡೂ ಬೇಡ. ಎಲೆಗಿಂತ ಮೊದಲು ಮೇಲ್ಮಣ್ಣೇ ಎದ್ದು ಮನೆಯೊಳಗೆ ಬರುತ್ತದೆ.

ಹೋಲಿಕೆಗೆ ನಿಲ್ಲುವುದು ತೆಂಗಿನ ಕಡ್ಡಿಯ ಪೊರಕೆ, ಮಲೆನಾಡು ಮತ್ತು ಕರಾವಳಿಯವರ ಹಿಡಿಸೂಡಿ. ಅದಕ್ಕೆ ವೈರಿಲ್ಲ, ಸದ್ದಿಲ್ಲ, ಒದ್ದೆ ಒಣ ಎಂಬ ಭೇದವಿಲ್ಲ. ಇಪ್ಪತ್ತಡಿಗೆ ಮೂವತ್ತಡಿಯ ಅಂಗಳವನ್ನು ಕೈ ಪಳಗಿದವರು ಹತ್ತು ಹದಿನೈದು ನಿಮಿಷದಲ್ಲಿ ಗುಡಿಸಿ ಮುಗಿಸುತ್ತಾರೆ. ವೈರ್ ಎಳೆದು, ಊದಿ, ಮತ್ತೆ ಸುತ್ತಿಡುವಷ್ಟರಲ್ಲಿ ಸಣ್ಣ ಬ್ಲೋವರಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಬ್ಲೋವರ್ ಎಲೆಯನ್ನು ಸರಿಸುತ್ತದೆಯೇ ಹೊರತು ಎತ್ತುವುದಿಲ್ಲ ಎಂಬುದನ್ನೂ ಮರೆಯಬಾರದು. ರಾಶಿಯನ್ನು ಬುಟ್ಟಿಗೆ ತುಂಬಲು ಕೈಯೇ ಬೇಕು. ಹಿಂದೆ ಚೀಲ ಕಟ್ಟಿ ಎಲೆ ಹೀರಿಸುವ ಸೌಲಭ್ಯ ಅಗ್ಗದ ಯಂತ್ರಗಳಲ್ಲಿ ಹೆಸರಿಗೆ ಮಾತ್ರ. ಒಂದು ಸಣ್ಣ ಕಲ್ಲು ಒಳಹೊಕ್ಕರೆ ಪ್ಲಾಸ್ಟಿಕ್ ರೆಕ್ಕೆ ಮುರಿಯುತ್ತದೆ.

ವೈರನ್ನು ಬಹಳ ಜನ ದೋಷವೆಂದು ಎಣಿಸುತ್ತಾರೆ. ನಿಜವಾಗಿ ಅಗ್ಗದ ಯಂತ್ರಕ್ಕೆ ಅದೇ ಬಲ. ಅಗ್ಗದ ಬ್ಯಾಟರಿ ಬ್ಲೋವರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು, ಮೊದಲು ಕೈಕೊಡುವುದೂ ಅದೇ. ವೈರ್ ಯಂತ್ರದಲ್ಲಿ ಆ ಖರ್ಚೂ ಇಲ್ಲ, ಚಾರ್ಜ್ ಮುಗಿಯುವ ಚಿಂತೆಯೂ ಇಲ್ಲ. 600 ವ್ಯಾಟ್ ಯಂತ್ರ ಕಾಲು ಗಂಟೆ ಓಡಿದರೆ ಖರ್ಚಾಗುವುದು 0.15 ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಒಂದು ರೂಪಾಯಿ ಐದು ಪೈಸೆ. ಎಕ್ಸ್‌ಟೆನ್ಷನ್ ಬೋರ್ಡಿನ ಲೆಕ್ಕವೂ ಸಣ್ಣ ಯಂತ್ರಕ್ಕೆ ಹಗುರ. ಒಂದು ಚದರ ಮಿಲಿಮೀಟರ್ ತಾಮ್ರದ ತಂತಿ ಮೂವತ್ತು ಮೀಟರ್ ಉದ್ದವಿದ್ದರೆ ಹೋಗಿಬರುವ ದಾರಿಯ ಒಟ್ಟು ರೋಧ ಒಂದು ಓಮ್‌ಗಿಂತ ತುಸು ಹೆಚ್ಚು. 2.6 ಆಂಪಿಯರ್ ಎಳೆಯುವ ಯಂತ್ರಕ್ಕೆ ಅದರಿಂದ ಮೂರು ವೋಲ್ಟ್ ಕೂಡ ನಷ್ಟವಾಗುವುದಿಲ್ಲ. ಅದೇ ತಂತಿಯಲ್ಲಿ 2500 ವ್ಯಾಟ್‌ನ ದೊಡ್ಡ ಬ್ಲೋವರ್ ಓಡಿಸಿದರೆ ಹನ್ನೊಂದು ಆಂಪಿಯರ್ ಹರಿದು, ನೂರು ವ್ಯಾಟ್‌ಗೂ ಮಿಕ್ಕಿದ ಶಕ್ತಿ ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಸುರುಳಿ ಬಿಚ್ಚದೆ ಬಳಸಿದರೆ ಆ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಹೊದಿಕೆ ಕರಗಬಹುದು. ದೊಡ್ಡ ಯಂತ್ರಕ್ಕೆ 16 ಆಂಪಿಯರಿನ ಸಾಕೆಟ್ಟೂ 2.5 ಚದರ ಮಿಲಿಮೀಟರಿನ ತಂತಿಯೂ ಬೇಕು. ಬೆಲೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ಹೊರಾಂಗಣದಲ್ಲಿ ಕರೆಂಟು ಬಳಸುವಾಗ ಕೆಲವು ಮಾತುಗಳಲ್ಲಿ ರಾಜಿ ಸಲ್ಲದು. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಕಡಿದುಹಾಕುವ ಸ್ವಿಚ್ಚು, ಇರಬೇಕು. ಒದ್ದೆ ನೆಲದಲ್ಲಿ, ಬರಿಗಾಲಿನಲ್ಲಿ ಓಡಿಸಬಾರದು. ಯಂತ್ರದ ಲೇಬಲ್ಲಿನಲ್ಲಿ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ಇನ್ಸುಲೇಷನ್ ಇದೆ ಎಂದರ್ಥ. ಆ ಗುರುತೂ ಇಲ್ಲದೆ, ಅರ್ಥಿಂಗ್ ಪಿನ್ನೂ ಇಲ್ಲದೆ ಬರುವ ಎರಡು ಪಿನ್ನಿನ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಬ್ಲೋವರಿನ ಒಳಗಿರುವುದು ಅಡುಗೆಮನೆಯ ಮಿಕ್ಸಿಯಲ್ಲಿರುವ ಬಗೆಯದೇ ಮೋಟಾರು, ಯೂನಿವರ್ಸಲ್ ಮೋಟಾರು. ಸಣ್ಣ ಗಾತ್ರದಲ್ಲಿ ಭಾರಿ ವೇಗ ಕೊಡುವುದು ಅದರ ಗುಣ: ನಿಮಿಷಕ್ಕೆ ಹದಿಮೂರು ಸಾವಿರದಿಂದ ಹದಿನಾರು ಸಾವಿರ ಸುತ್ತು. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವುದು ಎರಡು ಕಾರ್ಬನ್ ಬ್ರಷ್‌ಗಳು. ಹೆಸರು ಬ್ರಷ್ ಎಂದಿದ್ದರೂ ಅವು ಕಿರುಬೆರಳಿನ ಉಗುರಿನಷ್ಟು ದೊಡ್ಡ ಕಪ್ಪು ತುಂಡುಗಳು. ಸ್ಪ್ರಿಂಗ್ ಒತ್ತಿಹಿಡಿದಿರುವುದರಿಂದ ತಾಮ್ರದ ಉರುಳೆಗೆ ಉಜ್ಜುತ್ತ ಸವೆಯುತ್ತಿರುತ್ತವೆ. ಅವು ಮೋಟಾಗುತ್ತ ಬಂದಂತೆ ಕಿಂಡಿಯಲ್ಲಿ ನೀಲಿ ಕಿಡಿ ಹೆಚ್ಚುತ್ತದೆ, ಸುಟ್ಟ ವಾಸನೆ ಬರುತ್ತದೆ, ಯಂತ್ರ ಬಿಟ್ಟು ಬಿಟ್ಟು ಓಡುತ್ತದೆ. ಅಷ್ಟರಲ್ಲಿ ಬದಲಿಸಿದರೆ ಕೆಲವು ಹತ್ತು ರೂಪಾಯಿಗಳಲ್ಲಿ ಯಂತ್ರ ಮತ್ತೆ ಹೊಸದು. ಹಾಗೇ ಓಡಿಸಿದರೆ ತಾಮ್ರದ ಉರುಳೆ ಕೆಟ್ಟು ಮೋಟಾರೇ ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಯಂತ್ರವನ್ನು ತಿರುಗಿಸಿ ನೋಡುವುದು ಒಳ್ಳೆಯದು. ಸ್ಕ್ರೂ ಡ್ರೈವರಿನಿಂದ ತೆಗೆಯಬಹುದಾದ ಎರಡು ದುಂಡನೆ ಮುಚ್ಚಳ ಬದಿಯಲ್ಲಿ ಕಂಡರೆ ಬ್ರಷ್ಷನ್ನು ಮನೆಯಲ್ಲೇ ಬದಲಿಸಬಹುದು. ಅವಿಲ್ಲದಿದ್ದರೆ ಇಡೀ ಕವಚ ಬಿಚ್ಚಬೇಕು. ಹತ್ತು ಹದಿನೈದು ನಿಮಿಷ ಓಡಿಸಿ ಐದು ನಿಮಿಷ ಬಿಡುವು ಕೊಡುವುದು, ಗಾಳಿ ಎಳೆಯುವ ಕಿಂಡಿಗೆ ಎಲೆಯೋ ಬಟ್ಟೆಯೋ ಅಂಟದಂತೆ ನೋಡಿಕೊಳ್ಳುವುದು, ಇಷ್ಟೇ ಅದರ ಆರೈಕೆ. ಊರಿನ ಮೋಟಾರ್ ವೈಂಡಿಂಗ್ ಅಂಗಡಿಯವರು ಇಂಥ ಯಂತ್ರವನ್ನು ರಿಪೇರಿ ಮಾಡಬಲ್ಲರು ಎಂಬುದು ಬ್ಯಾಟರಿ ಯಂತ್ರಕ್ಕಿಲ್ಲದ ಅನುಕೂಲ.

ಸದ್ದು ಮತ್ತು ದೂಳು ಇದರ ನಿಜವಾದ ದೋಷಗಳು. ಹಿಡಿದವರ ಕಿವಿಯ ಬಳಿ 90 ಡೆಸಿಬಲ್‌ನ ಆಸುಪಾಸು ಸದ್ದಿರುತ್ತದೆ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಬೆಳಗಿನ ಆರಕ್ಕೆ ಎದ್ದು ಬ್ಲೋವರ್ ಹಚ್ಚುವುದು ನೆರೆಯವರಿಗೆ ಮಾಡುವ ಅನ್ಯಾಯ. ಅಮೆರಿಕದ ಕಾರ್ಮೆಲ್ ಪಟ್ಟಣ 1975ರಲ್ಲೇ, ಬೆವರ್ಲಿ ಹಿಲ್ಸ್ 1976ರಲ್ಲಿ ಎಲೆ ಬ್ಲೋವರುಗಳನ್ನು ನಿಷೇಧಿಸಿದವು. ವಾಷಿಂಗ್ಟನ್ ಡಿ.ಸಿ. 2022ರ ಜನವರಿಯಿಂದ ಪೆಟ್ರೋಲ್ ಬ್ಲೋವರುಗಳನ್ನು ನಿಲ್ಲಿಸಿತು. ಕರೆಂಟಿನ ಯಂತ್ರ ಹೊಗೆಯಲ್ಲಿ ನಿರ್ದೋಷಿಯಾದರೂ ದೂಳಿನಲ್ಲಿ ಅಲ್ಲ. ಬೀದಿಯ ಮಣ್ಣು, ಟೈರಿನ ಪುಡಿ, ಹೂವಿನ ಪರಾಗ, ಪಾರಿವಾಳದ ಒಣಗಿದ ಹಿಕ್ಕೆ ಎಲ್ಲವೂ ಮೂಗಿನ ಮಟ್ಟಕ್ಕೆ ಏಳುತ್ತವೆ. ಮಾಸ್ಕ್ ಮತ್ತು ಕನ್ನಡಕ ಬೇಕೇ ಬೇಕು. ಉಬ್ಬಸದವರಿರುವ ಮನೆಯಲ್ಲಿ ಕಿಟಕಿ ಮುಚ್ಚಿ ಊದಬೇಕು. ಇಲಿ, ಹಕ್ಕಿಗಳ ಹಿಕ್ಕೆ ಬಿದ್ದ ಜಾಗದಲ್ಲಿ ಊದಲೇಬಾರದು, ನೀರು ಹಾಕಿ ಒರೆಸಬೇಕು.

ಪೆಟ್ರೋಲ್ ಬ್ಲೋವರಿಗೆ ಅದರದೇ ಜಾಗವಿದೆ. ಬೆನ್ನಿಗೆ ಹೊತ್ತು ಓಡಿಸುವ ಅವು ಕಾಡಿನಲ್ಲಿ ಬೆಂಕಿರೇಖೆಯ ತರಗೆಲೆ ಸರಿಸಲು ಅರಣ್ಯ ಸಿಬ್ಬಂದಿಗೆ ನೆರವಾಗುತ್ತವೆ. ಮನೆಯಂಗಳಕ್ಕೆ ಅವು ಅತಿಯಾಯಿತು.

ಊದಿ ಒಟ್ಟಿದ ಎಲೆಯ ಗತಿಯೂ ಈ ಲೆಕ್ಕಕ್ಕೆ ಸೇರಿದ್ದು. ಬ್ಲೋವರ್ ಬಂದ ಮನೆಗಳಲ್ಲಿ ಎಲೆಯನ್ನು ಗೇಟಿನಾಚೆ ಚರಂಡಿಗೆ ಊದಿಬಿಡುವ ಅಭ್ಯಾಸ ಸುಲಭವಾಗಿ ಬೆಳೆಯುತ್ತದೆ. ಮೊದಲ ಮಳೆಗೆ ಅದೇ ಚರಂಡಿ ಕಟ್ಟಿ ನೀರು ಮನೆಯ ಕಡೆ ತಿರುಗುತ್ತದೆ. ಸುಡುವುದಂತೂ ನಿಯಮಬಾಹಿರ. ಮಲೆನಾಡಿನ ರೈತರು ಬೇಸಿಗೆಯಲ್ಲಿ ಸೊಪ್ಪಿನಬೆಟ್ಟದಿಂದ ದರಕನ್ನು, ಅಂದರೆ ಒಣಗಿದ ತರಗೆಲೆಯನ್ನು, ಹೊತ್ತು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವುದನ್ನು ಬಲ್ಲವರಿಗೆ ತರಗೆಲೆ ಕಸವಲ್ಲ. ಅಂಗಳದಿಂದ ಗಿಡದ ಬುಡಕ್ಕೆ ಊದಿ ಅಲ್ಲೇ ಬಿಟ್ಟರೆ ತುಂಬುವ, ಸಾಗಿಸುವ ಕೆಲಸವೇ ತಪ್ಪುತ್ತದೆ. ಬ್ಲೋವರಿನ ಅತ್ಯುತ್ತಮ ಉಪಯೋಗ ಬಹುಶಃ ಇದೇ.

ಹಾಗಾದರೆ ಕೊಳ್ಳಬೇಕೇ? ಸಿಮೆಂಟು, ಟೈಲ್ಸ್ ಅಥವಾ ಇಂಟರ್‌ಲಾಕ್ ಹಾಕಿದ ಸಣ್ಣ ಅಂಗಳ, ಪುಡಿ ಎಲೆಯ ಮರ, ಹತ್ತಿರದಲ್ಲೇ ಸಾಕೆಟ್ ಇದ್ದವರಿಗೆ 600 ವ್ಯಾಟ್‌ನ ಬ್ಲೋವರ್ ಸಾರ್ಥಕ. ಕಿಟಕಿಯ ಸೊಳ್ಳೆಪರದೆ, ಸ್ಕೂಟರಿನ ಸಂದಿ, ಏಸಿಯ ಹೊರಘಟಕ, ಹೊಲಿಗೆ ಯಂತ್ರದ ಒಳಭಾಗ ಇವುಗಳ ದೂಳಿಗೂ ಅದು ಬರುವುದರಿಂದ ವರ್ಷವಿಡೀ ಮೂಲೆ ಸೇರುವುದಿಲ್ಲ. ಮಾವು, ಹಲಸು, ತೇಗದ ದೊಡ್ಡ ಹಿತ್ತಿಲಿರುವವರು ಅದನ್ನು ಎಲೆಗೆಂದು ಕೊಳ್ಳಬಾರದು. ನಿಮಿಷಕ್ಕೆ ಹತ್ತು ಘನಮೀಟರಿಗಿಂತ ಕಡಿಮೆಯಿಲ್ಲದ, ಉದ್ದ ಕೊಳವೆಯ ಯಂತ್ರಕ್ಕೆ ದುಡ್ಡು ಕೂಡಿಸಬೇಕು, ಇಲ್ಲವೇ ಒಳ್ಳೆಯ ಹಿಡಿಸೂಡಿ ಕೊಳ್ಳಬೇಕು. ಮಣ್ಣಿನ ಅಂಗಳದವರಿಗೆ ಹಿಡಿಸೂಡಿಯೇ ಸರಿ.