ಹಳೆಯ ಜೀಪಿನ ಹೆಸರೂ ಬಾಳಿಕೆಯೂ

ನೆರಿಯ, ಚಾರ್ಮಾಡಿ, ಕಕ್ಕಿಂಜೆ ಕಡೆಯ ತೋಟದ ಮನೆಗಳಲ್ಲಿ ಹಳೆಯ ಜೀಪಿನ ಮಾತು ಬಂತೆಂದರೆ ಎರಡು ಅಭಿಪ್ರಾಯಗಳು ತಪ್ಪದೆ ಕೇಳಿಬರುತ್ತವೆ. ‘ಅದು ಅಮೆರಿಕದ ಗಾಡಿ, ಅದಕ್ಕೆ ಸಾವೇ ಇಲ್ಲ’ ಎಂಬುದು ಒಂದು. ‘ಅದು ಕುಡಿಯುವ ಎಣ್ಣೆಗೆ ಅಡಿಕೆ ಮಾರಿದ ದುಡ್ಡು ಸಾಲದು’ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಯಾವುದೋ ಒಂದನ್ನೇ ನಂಬಿ ಗಾಡಿ ಕೊಳ್ಳುವವನೂ, ಇದ್ದ ಗಾಡಿಯನ್ನು ಗುಜರಿಗೆ ಹಾಕುವವನೂ ನಷ್ಟಕ್ಕೆ ಗುರಿಯಾಗಬಹುದು. ಎರಡು ಮೂರು ಎಕರೆ ತೋಟವಿರುವ ನಮ್ಮಂತಹವರಿಗೆ ವಾಹನವೆಂದರೆ ಮನೆ ಕಟ್ಟಿದ ಮೇಲಿನ ಅತಿ ದೊಡ್ಡ ಖರ್ಚು. ಆದುದರಿಂದ ಈ ಹಳೆಯ ಅಮೆರಿಕನ್ ಗಾಡಿಗಳ ಗಟ್ಟಿತನದ ಹೆಸರು ಎಲ್ಲಿಂದ ಬಂತು, ಅದರಲ್ಲಿ ನಂಬತಕ್ಕದ್ದು ಎಷ್ಟು, ನಂಬಬಾರದ್ದು ಎಷ್ಟು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕೆಸರು ರಸ್ತೆಗೆಂದೇ ಹುಟ್ಟಿದ ಗಾಡಿಗಳು

ಅಮೆರಿಕದಲ್ಲಿ ಮೋಟಾರು ಗಾಡಿಗೆ ಮೊದಲು ಮಾರುಹೋದವರು ಪಟ್ಟಣದ ಶ್ರೀಮಂತರು. ಆದರೆ ಅದನ್ನು ಮನೆಮನೆಯ ವಸ್ತುವನ್ನಾಗಿ ಮಾಡಿದವರು ರೈತರು. 1908ರಲ್ಲಿ ಹೆನ್ರಿ ಫೋರ್ಡ್ ಹೊರತಂದ ‘ಮಾಡೆಲ್ ಟಿ’ ಕಾರಿಗೆ ಇದ್ದದ್ದು ಕೇವಲ 20 ಅಶ್ವಶಕ್ತಿ. ಆಗ ಆ ದೇಶದ ಹಳ್ಳಿ ರಸ್ತೆಗಳೂ ನಮ್ಮ ಮಳೆಗಾಲದ ಗುಡ್ಡೆ ರಸ್ತೆಗಳ ಹಾಗೆ ಕೆಸರಿನ ಹೊಂಡಗಳೇ ಆಗಿದ್ದವು. ಅದಕ್ಕಾಗಿ ಗಾಡಿಯನ್ನು ನೆಲದಿಂದ ಎತ್ತರಿಸಿ, ಒಳ್ಳೆಯ ಉಕ್ಕು ಹಾಕಿ, ರೈತನೇ ಸ್ಪ್ಯಾನರ್ ಹಿಡಿದು ಬಿಚ್ಚಿ ಜೋಡಿಸುವಷ್ಟು ಸರಳವಾಗಿ ಕಟ್ಟಿದರು. 1927ರಲ್ಲಿ ನಿಲ್ಲಿಸುವ ಹೊತ್ತಿಗೆ ಅಂತಹ 1.5 ಕೋಟಿ ಗಾಡಿಗಳು ತಯಾರಾಗಿದ್ದವು. ಅಮೆರಿಕನ್ ಗಾಡಿ ಎಂದರೆ ಗಟ್ಟಿ ಎಂಬ ಹೆಸರಿಗೆ ಬೀಜ ಬಿದ್ದದ್ದು ಅಲ್ಲಿ.

ಆ ಹೆಸರು ನಮ್ಮ ದೇಶಕ್ಕೂ ಬಂತು. 1926ರಲ್ಲಿ ಫೋರ್ಡ್, 1928ರಲ್ಲಿ ಜನರಲ್ ಮೋಟಾರ್ಸ್ ಭಾರತದಲ್ಲಿ ಕಂಪೆನಿ ತೆರೆದು, ಹೊರಗಿನಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಿ ಮಾರತೊಡಗಿದವು. ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಕ್ರೈಸ್ಲರ್ ಕಂಪೆನಿಯ ಡಾಡ್ಜ್, ಪ್ಲಿಮತ್ ಗಾಡಿಗಳನ್ನೂ, ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಸ್ಟೂಡಿಬೇಕರ್ ಗಾಡಿಗಳನ್ನೂ ಜೋಡಿಸತೊಡಗಿದವು.

ದೊಡ್ಡ ಕಾರು ಹೋಯಿತು, ಜೀಪು ಉಳಿಯಿತು

ಇಷ್ಟೆಲ್ಲ ಬಗೆಯ ಗಾಡಿಗಳು ಬಂದರೂ ಇಂದು ನಮ್ಮ ಅಂಗಳಗಳಲ್ಲಿ ಉಳಿದದ್ದು ಜೀಪು ಮಾತ್ರ. ಷೆವ್ರೊಲೆ, ಡಾಡ್ಜ್‌ನಂತಹ ಕಾರುಗಳನ್ನು ನೋಡಬೇಕಾದರೆ ಧರ್ಮಸ್ಥಳದ ಕಾರು ಸಂಗ್ರಹಾಲಯದಂತಹ ಕಡೆಗೇ ಹೋಗಬೇಕು. ಆ ಕಾರುಗಳು ಗಟ್ಟಿ ಇರಲಿಲ್ಲವೇ? ಖಂಡಿತ ಇದ್ದವು. ಅವುಗಳ ಎಂಜಿನ್ ಜೀಪಿನ ಎಂಜಿನ್ನಿಗಿಂತ ದೊಡ್ಡದು, ಉಕ್ಕು ಕಡಮೆಯದಲ್ಲ. ಆದರೂ ಏಕೆ ಉಳಿಯಲಿಲ್ಲ? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಬಾಳಿಕೆಯ ಗುಟ್ಟು ಸಿಕ್ಕಿದ ಹಾಗೆ.

1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇರೆಗೆ ಕೇಂದ್ರ ಸರಕಾರವು, ಭಾಗಗಳನ್ನು ಹಂತಹಂತವಾಗಿ ಈ ದೇಶದಲ್ಲಿಯೇ ತಯಾರಿಸಲು ಒಪ್ಪಿದ ಕಂಪೆನಿಗಳಿಗೆ ಮಾತ್ರ ಇಲ್ಲಿ ಅವಕಾಶವೆಂದು ನಿರ್ಧರಿಸಿತು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಅಂಗಡಿ ಮುಚ್ಚಿ ಹೊರಟವು. ಆಮದಿಗೆ ತಡೆ ಬಿದ್ದ ಮೇಲೆ ಅವರ ಕಾರುಗಳ ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ದುರ್ಲಭವಾಯಿತು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಬಿಗಿಹಿಡಿದು ಪೆಟ್ರೋಲಿನ ಬೆಲೆ ಏರಿದ ಮೇಲೆ ಆ ಎಂಜಿನ್ನುಗಳನ್ನು ಸಾಕುವುದೂ ಕಷ್ಟವಾಯಿತು. ಎಂಜಿನ್ ಗಟ್ಟಿಯಿದ್ದರೂ ಗಾಡಿ ಕೊಟ್ಟಿಗೆ ಸೇರಿತು.

ಜೀಪಿನ ಹಾದಿ ಬೇರೆ. 1940ರಲ್ಲಿ ಅಮೆರಿಕದ ಸೈನ್ಯ ಸಣ್ಣದೊಂದು ಫೋರ್‌ವೀಲ್ ಗಾಡಿ ಬೇಕೆಂದು ಕೇಳಿದಾಗ, ಬ್ಯಾಂಟಮ್ ಎಂಬ ಸಣ್ಣ ಕಂಪೆನಿ 49 ದಿನಗಳಲ್ಲಿ ಮಾದರಿಯನ್ನು ತಂದೊಪ್ಪಿಸಿತು. ಅದರ ಜಾಡಿನಲ್ಲಿ ವಿಲ್ಲಿಸ್ ಕಂಪೆನಿಯ ಜೀಪು ಬಂತು. ಅದರ 2.2 ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ ಹುಟ್ಟಿನಿಂದಲೇ ಗಟ್ಟಿಯಾಗಿತ್ತೆಂದು ತಿಳಿಯಬಾರದು. 48 ಅಶ್ವಶಕ್ತಿಯ ಹಳೆಯ ಕಾರಿನ ಎಂಜಿನ್ನನ್ನು ರೂಸ್ ಎಂಬ ಎಂಜಿನಿಯರು ಹಲವು ವರ್ಷ ತಿದ್ದಿ ತೀಡಿ 60ಕ್ಕೆ ಏರಿಸಿದ್ದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಕಟ್ಟಿದ್ದವು. ಯುದ್ಧದ ನಂತರ ಸೈನ್ಯ ಮಾರಿದ ಜೀಪುಗಳು ಭಾರತದಲ್ಲಿಯೂ ಖಾಸಗಿಯವರ ಕೈಸೇರಿದವು.

1947ರಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸಲು ಆರಂಭಿಸಿತು. 1950ರ ದಶಕದಲ್ಲಿ ಭಾಗಗಳನ್ನು ಇಲ್ಲಿಯೇ ತಯಾರಿಸತೊಡಗಿತು. ಮುಂದೆ ಪೆಟ್ರೋಲ್ ಎಂಜಿನ್ನಿನ ಜಾಗಕ್ಕೆ ಡೀಸೆಲ್ ಎಂಜಿನ್ ಬಂತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ ಬಂತು. ಎಂದರೆ, ನಾವು ‘ಅಮೆರಿಕದ ಗಾಡಿ’ ಎಂದು ಕರೆಯುವ ಜೀಪಿನಲ್ಲಿ ಆಕಾರ ಅಮೆರಿಕದ್ದು, ಎಷ್ಟೋ ಗಾಡಿಗಳಲ್ಲಿ ಎಂಜಿನ್ ಫ್ರಾನ್ಸಿನ ಮೂಲದ್ದು, ತಯಾರಿ ನಮ್ಮ ದೇಶದ್ದು. ಮಂಗಳೂರಿನಲ್ಲಿಯೇ ವಿ. ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಸ್ಪ್ರಿಂಗ್ ಪ್ಲೇಟು ತಯಾರಿಸುತ್ತಿತ್ತು. ಪೇಟೆಯ ಲೇತಿನವನು ಬುಶ್ ಕಡೆದುಕೊಡುತ್ತಿದ್ದ. ಗ್ಯಾರೇಜಿನ ಹುಡುಗನಿಗೂ ಕಣ್ಣು ಮುಚ್ಚಿ ಕಾರ್ಬುರೇಟರ್ ಬಿಚ್ಚುವಷ್ಟು ಅಭ್ಯಾಸವಿತ್ತು. ಜೀಪಿಗೆ ಆಯುಸ್ಸು ಕೊಟ್ಟದ್ದು ಇದು. ಬಾಳಿಕೆ ಎಂಬುದು ಗಾಡಿಯ ಉಕ್ಕಿನಲ್ಲಿ ಅರ್ಧ, ಊರಿನ ಗ್ಯಾರೇಜಿನಲ್ಲಿ ಅರ್ಧ.

ಇದಕ್ಕೆ ದೂರದ ಕ್ಯೂಬಾ ದ್ವೀಪವೂ ಸಾಕ್ಷಿ. 1960ರ ದಶಕದ ಆರಂಭದಲ್ಲಿ ಅಮೆರಿಕವು ಕ್ಯೂಬಾದೊಂದಿಗೆ ವ್ಯಾಪಾರ ನಿಲ್ಲಿಸಿತು. ಅಲ್ಲಿಯವರೆಗೆ ಬಂದಿದ್ದ ಅಮೆರಿಕನ್ ಕಾರುಗಳನ್ನು ಅಲ್ಲಿಯ ಜನರು ಇಂದಿಗೂ ಬಾಡಿಗೆಗೆ ಓಡಿಸುತ್ತಿದ್ದಾರೆ. ಆದರೆ ಬಾನೆಟ್ ಎತ್ತಿ ನೋಡಿದರೆ ಎಷ್ಟೋ ಕಾರುಗಳಲ್ಲಿ ಇರುವುದು ರಷ್ಯದ್ದೋ ಇನ್ನಾವುದೋ ದೇಶದ್ದೋ ಎಂಜಿನ್. ಹೊರಗಿನ ಜನ ಕಾರನ್ನು ಹೊಗಳುತ್ತಾರೆ. ನಾವು ಹೊಗಳಬೇಕಾದುದು ಅದನ್ನು ಓಡುವ ಹಾಗೆ ಇಟ್ಟ ಕೈಗಳನ್ನು.

ಹೆಸರು ಕೆಟ್ಟದ್ದೂ ಉಂಟು

ಅಮೆರಿಕದ ಹಳೆಯ ಗಾಡಿಗಳೆಲ್ಲವೂ ಚಿನ್ನವೆಂದು ತಿಳಿಯುವುದು ಬೇಡ. ಅಲ್ಲಿಯ ಕಾರುಗಳ ಮೈಲುಮೀಟರಿನಲ್ಲಿ ಬಹಳ ಕಾಲ ಐದೇ ಅಂಕಿಗಳಿದ್ದವು. ಲಕ್ಷ ಮೈಲು ತುಂಬಿದರೆ ಮೀಟರು ಪುನಃ ಸೊನ್ನೆಗೆ ಬರುತ್ತಿತ್ತು. 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲರು ಕಾರುಗಳ ಅಪಾಯಗಳ ಕುರಿತು ಪುಸ್ತಕ ಬರೆದರು. ಮರುವರ್ಷವೇ ಆ ದೇಶದಲ್ಲಿ ವಾಹನ ಸುರಕ್ಷತೆಯ ಕಾಯಿದೆ ಬಂತು. 1970ರ ದಶಕದ ಷೆವ್ರೊಲೆ ವೇಗಾ ಕಾರು ತುಕ್ಕಿಗೂ ಎಂಜಿನ್ ಕೆಡುವುದಕ್ಕೂ ಕುಖ್ಯಾತವಾಯಿತು. ಹಿಂದಿನಿಂದ ಗುದ್ದಿದರೆ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ಬೀಳುವ ದೋಷಕ್ಕಾಗಿ 1978ರಲ್ಲಿ ಫೋರ್ಡ್ ಕಂಪೆನಿ ಪಿಂಟೊ ಮತ್ತು ಅದರ ಜೊತೆಯ ಮಾದರಿಯ ಸುಮಾರು 15 ಲಕ್ಷ ಕಾರುಗಳನ್ನು ದುರಸ್ತಿಗೆ ವಾಪಸು ಕರೆಯಬೇಕಾಯಿತು. ಅಪ್ಪ ಗಳಿಸಿದ ಹೆಸರನ್ನು ಮಗ ಕಳೆದ ಹಾಗೆ, ಹಳೆಯವರು ಕಟ್ಟಿದ ಹೆಸರನ್ನು ಹೊಸ ಕಾರುಗಳು ಕಳೆದವು. ಆ ಜಾಗದಲ್ಲಿ ಜಪಾನಿನ ಕಾರುಗಳು ಬಂದು ಕುಳಿತವು.

ಜೀಪಿಗೂ ಕಪ್ಪು ಚುಕ್ಕೆ ಇಲ್ಲದಿಲ್ಲ. 1980ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಸಿ.ಜೆ.5 ಮಾದರಿಯ ಜೀಪು ತಿರುವಿನಲ್ಲಿ ಪಲ್ಟಿಯಾಗುವ ಪರೀಕ್ಷೆಗಳನ್ನು ತೋರಿಸಿದರು. ಇದು ನಮಗೆ ಮುಖ್ಯವಾದ ವಿಷಯ.

ಹೆಸರನ್ನು ನಂಬಬಾರದ ಜಾಗಗಳು

ಗಟ್ಟಿ ಗಾಡಿ ಬೇರೆ, ಅಪಾಯವಿಲ್ಲದ ಗಾಡಿ ಬೇರೆ. ಹಳೆಯ ಗಿಡ್ಡ ಜೀಪಿನ ಎರಡು ಅಚ್ಚುಗಳ ನಡುವಿನ ಅಂತರ 80 ಅಂಗುಲ ಮಾತ್ರ. ಅಗಲ ಕಡಮೆ, ಎತ್ತರ ಹೆಚ್ಚು. ಅಮೆರಿಕದ ಸೈನ್ಯ ಅದನ್ನು ‘ಕಾಲು ಟನ್ನಿನ ಗಾಡಿ’ ಎಂದು ಲೆಕ್ಕ ಹಿಡಿದಿತ್ತು. ಅವರ ಕಾಲು ಟನ್ನೆಂದರೆ 230 ಕಿಲೋಕ್ಕೆ ಸ್ವಲ್ಪ ಕಡಮೆ, ಅಂದರೆ 50 ಕಿಲೋದ ನಾಲ್ಕೂವರೆ ಗೊಬ್ಬರದ ಚೀಲ. ನಮ್ಮಲ್ಲಿ ಹತ್ತು ಚೀಲ ಹೇರಿ, ಮೇಲೆ ನಾಲ್ಕು ಜನ ಕೆಲಸದವರನ್ನು ಕೂರಿಸಿ ಚಡಾವು ಹತ್ತಿಸುವುದುಂಟು. ಜೀಪು ಹತ್ತುತ್ತದೆ, ಸುಳ್ಳಲ್ಲ. ಇಳಿಯುವಾಗ ತಿರುವಿನಲ್ಲಿ ಮಗುಚುವುದೂ ಅದೇ ಭಾರದಿಂದ. ಹಿಂದೆ ಕುಳಿತವರಿಗೆ ಹಿಡಿಯಲು ಒಂದು ಸರಳು ಬಿಟ್ಟರೆ ಬೇರೆ ರಕ್ಷಣೆಯಿಲ್ಲ.

ಬ್ರೇಕಿನ ವಿಷಯವೂ ಹಾಗೆಯೇ. ಹಳೆಯ ಜೀಪಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಒಂದೇ ಎಣ್ಣೆಯ ಹಾದಿ. ಎಲ್ಲಿಯಾದರೂ ಒಂದು ಪೈಪು ಒಡೆದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋಗುತ್ತದೆ. ತೋಡು ದಾಟಿದಾಗ ಡ್ರಮ್ಮಿಗೆ ನೀರು ಸೇರಿದರೆ ಸ್ವಲ್ಪ ದೂರ ಬ್ರೇಕು ಹಿಡಿಯುವುದಿಲ್ಲ. ನೀರು ದಾಟಿದ ಕೂಡಲೆ ಪೆಡಲನ್ನು ಮೆಲ್ಲಗೆ ಒತ್ತಿಹಿಡಿದು ನಿಧಾನವಾಗಿ ಓಡಿಸಿ ಒಣಗಿಸಿಕೊಳ್ಳಬೇಕು. ಘಾಟಿ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಡದೆ ಗೇರಿನಲ್ಲಿ ಇಳಿಸಬೇಕು. ಬ್ರೇಕಿನ ಎಣ್ಣೆ ಇಳಿಯುತ್ತಿದೆಯೆಂದು ಕಂಡರೆ ಆ ದಿನ ಗಾಡಿ ತೆಗೆಯಬಾರದು.

ಕೊಳ್ಳುವ ಮುನ್ನ, ಇಟ್ಟುಕೊಳ್ಳುವ ಮುನ್ನ

ಹಳೆಯ ಜೀಪು ಕೊಳ್ಳುವವರು ಮೊದಲು ಎಂಜಿನ್ನಿನ ಸದ್ದು ಕೇಳುತ್ತಾರೆ. ಎಂಜಿನ್ ಕೆಟ್ಟರೆ ಬದಲಾಯಿಸಬಹುದು. ಮೊದಲು ನೋಡಬೇಕಾದುದು ಚಾಸಿಯನ್ನು. ಅಡಿಗೆ ನುಗ್ಗಿ, ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಬೇಕು. ಒಳಗಿಂದ ತುಕ್ಕು ತಿಂದಲ್ಲಿ ಸದ್ದು ಬದಲಾಗುತ್ತದೆ. ಅಡಿಕೆ ತೋಟದ ಜೀಪಿಗೆ ಇನ್ನೊಂದು ಶತ್ರು ಉಂಟು. ಅದು ಮೈಲುತುತ್ತು. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತಿನ ನೀರು ಚೆಲ್ಲಿದರೆ ಅದು ಕಬ್ಬಿಣವನ್ನು ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದ ಪುಡಿ ತೇವದಲ್ಲಿ ಕೂತರೂ ತುಕ್ಕು ಬೇಗ. ಇವನ್ನು ಸಾಗಿಸಿದ ದಿನವೇ ಹಿಂಬದಿಯನ್ನು ನೀರು ಹಾಕಿ ತೊಳೆಯುವುದು ಕಾಸಿಲ್ಲದ ಔಷಧ.

ಪೆಟ್ರೋಲ್ ಜೀಪು ಇರುವವರು ಇನ್ನೊಂದು ಮಾತು ನೆನಪಿಡಬೇಕು. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವುದು ರೂಢಿಗೆ ಬಂತು. ಹಳೆಯ ಗಾಡಿಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಇವು ಅದಕ್ಕಾಗಿ ಮಾಡಿದವಲ್ಲ. ಎಥೆನಾಲ್ ಗಾಳಿಯ ನೀರಿನಂಶವನ್ನೂ ಹೀರುತ್ತದೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕನ್ನು ಬರಿದು ಮಾಡಿ ಇಡುವುದು ಲೇಸು. ಪೈಪುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

ಕೊನೆಗೆ ಕಾಗದಪತ್ರ. ಖಾಸಗಿ ವಾಹನಕ್ಕೆ 15 ವರ್ಷವಾದ ಮೇಲೆ ಆರ್.ಟಿ.ಓ. ಆಫೀಸಿನಲ್ಲಿ ಪರೀಕ್ಷೆಗೊಳಪಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ಈ ಶುಲ್ಕವು 2022ರ ಏಪ್ರಿಲಿನಲ್ಲಿ 5,000 ರೂಪಾಯಿ ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಗಾಡಿಗಳಿಗೆ 10,000 ರೂಪಾಯಿಗೆ ಏರಿತು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳು ನಮ್ಮಲ್ಲಿ ಬಹಳ. ಆ ಬದಲಾವಣೆ ಆರ್.ಸಿ. ಪುಸ್ತಕದಲ್ಲಿ ದಾಖಲಾಗಿದೆಯೇ, ಎಂಜಿನ್ನಿನ ನಂಬರೂ ಚಾಸಿಯ ನಂಬರೂ ಹೊಂದುತ್ತವೆಯೇ ಎಂದು ನೋಡದೆ ಮುಂಗಡ ಕೊಡಬಾರದು. ಹೊಂದದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರುತ್ತದೆ. ಆಗ ಪರಿಹಾರದ ಹೊರೆ ತೋಟದ ಮೇಲೆಯೇ ಬೀಳುತ್ತದೆ.

ಒಟ್ಟಿನಲ್ಲಿ ನಾವು ಹೇಳುವುದಿಷ್ಟು. ಹಳೆಯ ಜೀಪಿನ ಹೆಸರು ಸುಳ್ಳಲ್ಲ, ಆದರೆ ಆ ಹೆಸರು ತನ್ನಷ್ಟಕ್ಕೇ ಬಂದದ್ದಲ್ಲ. ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುವಷ್ಟು ಕಾಲ, ಅದನ್ನು ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿ ಊರಲ್ಲಿರುವಷ್ಟು ಕಾಲ, ಚಾಸಿ ಗಟ್ಟಿಯಿದ್ದು ಕಾಗದಪತ್ರ ಸರಿಯಿರುವಷ್ಟು ಕಾಲ ಅದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಅಜ್ಜನ ಕಾಲದ ಅಭಿಮಾನಕ್ಕಾಗಿ ದುಡ್ಡು ಸುರಿಯುವುದು ಬೇಡ. ಜೀಪಿನ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಈಗ ಬೆರಳೆಣಿಕೆಯಷ್ಟು ಮಂದಿ. ಅವರ ಬಳಿ ನಮ್ಮ ಊರಿನ ಒಬ್ಬಿಬ್ಬರು ಹುಡುಗರು ಕೆಲಸ ಕಲಿತರೆ ಈ ಗಾಡಿಗಳು ಇನ್ನೊಂದು ತಲೆಮಾರಿಗೆ ಓಡುವುದರಲ್ಲಿ ಸಂಶಯವಿಲ್ಲ. ಎಲ್ಲಕ್ಕೂ ಮೊದಲು, ಬರುವ ಮಳೆಗಾಲದೊಳಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಜೀಪಿನ ಬ್ರೇಕ್ ಪೈಪುಗಳನ್ನು ಬದಲಾಯಿಸಿಕೊಳ್ಳಬೇಕು, ಚೀಲ ಹೇರಿದ ಮೇಲೆ ಕೆಲಸದವರನ್ನು ಹತ್ತಿಸುವ ಅಭ್ಯಾಸವನ್ನು ಬಿಡಬೇಕೆಂದು ಕೋರುತ್ತೇವೆ.